ಹದಿನೈದನೆಯ ಸೋಮವಾರದ ಕಾಫಿ

ನಾನು ಹೇಳಹೊರಟಿರುವುದು ಅಕ್ಕಲಕೋಟೆಯ ಮನೆಮನೆಯಲ್ಲೂ ಚಹಾ ಕುದಿಯುತ್ತಿದ್ದ ದಿನಗಳ ಮಾತು. ಕಾಫಿ ಎಂದರೆ ನೆಗಡಿ ಜ್ವರಕ್ಕೆ ಕೊಡುವ ಔಷಧ ಎಂದು ನಮ್ಮ ಓಣಿಯ ಅರ್ಧ ಜನ ತಿಳಿದಿದ್ದರು. ಉಳಿದ ಅರ್ಧ ಜನ ಹೆಸರು ಕೇಳಿದ್ದರು, ರುಚಿ ನೋಡಿರಲಿಲ್ಲ. ಐವತ್ತರ ದಶಕದ ಮೊದಲ ವರ್ಷಗಳವು. ಅಂಥ ಊರಿನ ನಮ್ಮ ಮನೆಯಲ್ಲಿ ಮಾತ್ರ ಒಂದಲ್ಲ, ಮೂರು ಬಗೆಯ ಕಾಫಿ ಆಗುತ್ತಿತ್ತು. ಬಾಲ್ಯದ ಕಾಫಿ ಎಂದ ಕೂಡಲೇ ನಿಮ್ಮಲ್ಲಿ ಎಷ್ಟೋ ಜನರ ಬಾಯಲ್ಲಿ ನೀರೂರಬಹುದು. ನನಗೆ ಮೊದಲು ನೆನಪಾಗುವುದು ನಾನು ಮಾಡಿದ ಕಳ್ಳತನ, ಆಮೇಲೆ ನಾನು ಆಡಿದ ಒಂದು ಸುಳ್ಳು. ರುಚಿಯ ಪಾಳಿ ಅದಾದ ಮೇಲೆ.

ಅಪ್ಪ ಅವ್ವ ವಾಗದರಿಯಲ್ಲಿ ಹೊಲಮನೆ ನೋಡಿಕೊಂಡಿದ್ದರು. ಸಾಲೆ ಕಲಿಯಲೆಂದು ನನ್ನನ್ನು ಅಕ್ಕಲಕೋಟೆಯಲ್ಲಿ ಆಯಿಯ ಹತ್ತಿರ ಬಿಟ್ಟಿದ್ದರು. ಆಯಿ ಎಂದರೆ ಅಪ್ಪನ ತಾಯಿ. ಮನೆಯಲ್ಲಿ ನಾವು ಮೂವರೇ: ಆಯಿ, ನೀಲಾ ಕಾಕು, ಒಂಬತ್ತು ವರ್ಷದ ನಾನು. ಅಪ್ಪನ ತಮ್ಮ, ಅಂದರೆ ನಮ್ಮ ಕಾಕಾ, ಸೋಲಾಪುರದ ಬಟ್ಟೆ ಮಿಲ್ಲೊಂದರಲ್ಲಿ ಕಾರಕೂನರಾಗಿದ್ದರು. ಶನಿವಾರ ಸಂಜೆ ಎಸ್.ಟಿ. ಗಾಡಿಗೆ ಬಂದು ರವಿವಾರ ಸಂಜೆ ತಿರುಗಿ ಹೋಗುತ್ತಿದ್ದರು. ಬರುವಾಗ ಅವರ ಕೈಚೀಲದಲ್ಲಿ ತಪ್ಪದೆ ಒಂದು ಕಾಗದದ ಪೊಟ್ಟಣ ಇರುತ್ತಿತ್ತು. ಸೋಲಾಪುರದ ಪೇಟೆಯಲ್ಲಿ ರೈಲ್ವೆ ಮಂದಿ, ಮದರಾಸಿನ ಕಡೆಯ ಮಂದಿ ಹೋಗುವ ಒಂದೇ ಒಂದು ಅಂಗಡಿಯಲ್ಲಿ ಹಸಿ ಕಾಫಿಬೀಜ ಸಿಗುತ್ತಿತ್ತು. ವಾರಕ್ಕೆ ಪಾವಶೇರು. ಅದು ಅವರ ಹೆಂಡತಿ ನೀಲಾ ಕಾಕುವಿಗೆ.

ಕಾಕು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಪಕ್ಕದ ಮನೆಯವರಿಂದ ಕಾಫಿ ಕಲಿತು, ಮದುವೆಯಾಗಿ ಬರುವಾಗ ತವರಿನಿಂದ ಒಂದು ಹಿತ್ತಾಳೆಯ ಫಿಲ್ಟರನ್ನು ಸೀರೆಗಳ ನಡುವೆ ಸುತ್ತಿಟ್ಟುಕೊಂಡು ತಂದಿದ್ದಳು. ಆಯಿ ಅದನ್ನು ಮೊದಲ ಸಲ ನೋಡಿದಾಗ ಹಿಂದೆ ಮುಂದೆ ತಿರುಗಿಸಿ, "ಇದೇನವಾ, ಎರಡು ಮಜಲಿನ ಗಿಂಡಿ! ಮ್ಯಾಲ ಯಾರು ಇರ್ತಾರ, ಕೆಳಗ ಯಾರು ಇರ್ತಾರ?" ಎಂದಿದ್ದಳಂತೆ. ಕಾಕು ನಕ್ಕು, "ಮ್ಯಾಲ ನೀವಿರ್ರಿ ಅತ್ತಿ, ಕೆಳಗ ನಾ ಇರ್ತೀನಿ" ಎಂದಳಂತೆ. ಅವರಿಬ್ಬರ ಸಂಬಂಧ ಅಂದಿನಿಂದ ಹಾಗೆಯೇ ನಡೆದಿತ್ತು. ಬೈಗುಳವೂ ಇತ್ತು, ನಗೆಯೂ ಇತ್ತು.

ರವಿವಾರ ಮುಂಜಾನೆ ಕಾಕು ಕಬ್ಬಿಣದ ಬಾಣಲೆಯಲ್ಲಿ ಬೀಜ ಹುರಿಯುತ್ತಿದ್ದಳು. ಉರಿ ಜೋರಾದರೆ ಬೈಸಿಕೊಳ್ಳುವವಳು ನಾನು, ಏಕೆಂದರೆ ಒಲೆಗೆ ಹತ್ತಿಕಟ್ಟಿಗೆ ಒಟ್ಟುವ ಕೆಲಸ ನನ್ನದು. ಬೀಜ ಚಿಟಿಚಿಟಿ ಎನ್ನತೊಡಗಿ, ಹೊಗೆ ಜಂತಿಗೆ ಹತ್ತಿ, ಓಣಿಯ ಕೊನೆಯವರೆಗೂ ಘಮ ಹೋಗುತ್ತಿತ್ತು. ಆರಿದ ಬೀಜವನ್ನು ಕಿಟಕಿಯ ಹಲಗೆಗೆ ತಿರುಪಿನಿಂದ ಬಿಗಿದ ಕೈಗಿರಣಿಗೆ ಹಾಕಿ ಬೀಸುವುದು. ಪುಡಿಯನ್ನು ಫಿಲ್ಟರಿನ ಮೇಲಿನ ಪಾತ್ರೆಗೆ ಹಾಕಿ, ಮೆಲ್ಲಗೆ ಅದುಮಿ, ಕುದಿನೀರು ಸುತ್ತಿ ಸುತ್ತಿ ಹೊಯ್ದು, ಕಾಕು ಅದರ ಮುಂದೆ ಕೂತುಬಿಡುತ್ತಿದ್ದಳು. ಕೆಳಗೆ ಹನಿ ಬೀಳುವ ಸದ್ದು ಕೇಳುವವರೆಗೆ ಅವಳಿಗೆ ಬೇರೆ ಕೆಲಸವಿಲ್ಲ. ಇಡೀ ದಿನದಲ್ಲಿ ಅವಳು ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಆಗ ಮಾತ್ರ.

ಎರಡನೆಯದು ಆಯಿಯ ಕಾಫಿ. ಅವಳಿಗೆ ಫಿಲ್ಟರಿನ ಹಂಗಿಲ್ಲ. ಚಹಾದಂತೆಯೇ ನೀರು ಕುದಿಸಿ, ಬೆಲ್ಲ ಹಾಕಿ, ಪುಡಿ ಹಾಕಿ, ಜಾಯಿಕಾಯಿಯನ್ನು ಸಾಣೆಕಲ್ಲಿನ ಮೇಲೆ ಎರಡು ಸುತ್ತು ತೇಯ್ದು ಬೆರೆಸಿ, ಅರಿವೆಯಲ್ಲಿ ಹಿಂಡಿ ಸೋಸುವುದು. ಹಳ್ಳಿಯಿಂದ ದೊಡ್ಡ ಮನುಷ್ಯರು ಯಾರಾದರೂ ಬಂದರೆ, ವರ್ಷಕ್ಕೆ ನಾಲ್ಕೈದು ಸಲ ಇದು ಆಗುತ್ತಿತ್ತು. ಕಪ್ಪಿನ ಕೆಳಗಿನ ಬಸಿತಟ್ಟೆಯಲ್ಲಿ ಸುರುವಿ ಊದಿ ಊದಿ ಕುಡಿದು ಅವರು ತಲೆದೂಗುತ್ತಿದ್ದರು.

ಮೂರನೆಯದು ನನ್ನದು. ಜೋಳವನ್ನು ಕರ್ರಗೆ ಹುರಿದು, ಅದೇ ಕೈಗಿರಣಿಯಲ್ಲಿ ಬೀಸಿ, ಹಾಲು ಬೆಲ್ಲ ಹಾಕಿ ಕೊಡುತ್ತಿದ್ದರು. "ಹುಡುಗರು ಕಾಫಿ ಕುಡದ್ರ ಕರ್ರಗ ಆಗ್ತಾವ. ನಾಳೆ ನಿನ್ನ ಯಾರು ಮಾಡ್ಕೋತಾರ?" ಎಂದು ಆಯಿ ಹೆದರಿಸುತ್ತಿದ್ದಳು. ಬಣ್ಣ ಒಂದೇ, ಪುಡಿಯ ರೂಪ ಒಂದೇ, ಹೆಸರೂ ಕಾಫಿಯೇ. ಆದರೆ ನನಗೆ ಮೂಗು ಇರಲಿಲ್ಲವೇ? ಮೋಸ ಮಾಡುತ್ತಿದ್ದಾರೆ ಎಂದು ಒಳಗೇ ಉರಿಯುತ್ತಿತ್ತು.

ಆ ವರ್ಷ ಆಯಿ ಹದಿನಾರು ಸೋಮವಾರದ ವ್ರತ ಹಿಡಿದಳು. ಕಾಕುವಿಗೆ ಮದುವೆಯಾಗಿ ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಓಣಿಯ ಹೆಂಗಸರು ಮೊದಮೊದಲು ಕಾಕುವಿನ ಎದುರು ಕನಿಕರ ತೋರಿಸುತ್ತಿದ್ದರು, ಆಮೇಲೆ ಬೆನ್ನ ಹಿಂದೆ ಆಡಿಕೊಳ್ಳತೊಡಗಿದರು. ಕಾಕಾನಿಗೆ ಇನ್ನೊಂದು ಮದುವೆ ಮಾಡಿ ಎಂದು ಒಬ್ಬಾಕೆ ನೇರವಾಗಿ ಆಯಿಯ ಮುಂದೆಯೇ ಹೇಳಿದಳು. ಆಯಿ ಅವಳ ಕೈಯಿಂದ ಚಹಾದ ಕಪ್ಪು ಕಸಿದುಕೊಂಡು, "ಎದ್ದು ನಡಿ ಮೊದಲ" ಎಂದಳು. ಮರುವಾರದಿಂದ ಉಪವಾಸ ಶುರುವಾಯಿತು. ಸೊಸೆಯ ಸಲುವಾಗಿ ಅತ್ತೆ ಹಿಡಿದ ವ್ರತ. ಸೂರ್ಯ ಮುಳುಗಿ ದೀಪ ಹಚ್ಚುವವರೆಗೆ ಧಾನ್ಯದ ಒಂದು ಕಾಳೂ ಬಾಯಿಗೆ ಹೋಗಬಾರದು. ಹೋದರೆ ಹಿಂದಿನ ಸೋಮವಾರಗಳೆಲ್ಲ ನೀರಿಗೆ, ಮತ್ತೆ ಒಂದರಿಂದ ಶುರು.

ಬರಿಹೊಟ್ಟೆಯಲ್ಲಿ ಚಹಾ ಕುಡಿದರೆ ಆಯಿಗೆ ಪಿತ್ತವಾಗಿ ತಲೆ ಸಿಡಿಯುತ್ತಿತ್ತು. ಮೊದಲ ಸೋಮವಾರವೇ ವಾಂತಿ ಮಾಡಿಕೊಂಡಳು. ಕಾಫಿ ಕುಡಿಯಿರಿ ಎಂದಳು ಕಾಕು. ಕಾಫಿ ಬೀಜವಲ್ಲವೇ, ಬೀಜವೆಂದರೆ ಕಾಳಲ್ಲವೇ ಎಂದು ಆಯಿಗೆ ಅನುಮಾನ. ಕೊನೆಗೆ ನನ್ನನ್ನು ಕರೆದುಕೊಂಡು ಮಹಾದೇವನ ಗುಡಿಯ ಪೂಜಾರಿ ಗುರವನ ಹತ್ತಿರ ಹೋದಳು. ಆತ ತನ್ನ ಜೀವನದಲ್ಲಿ ಕಾಫಿಗಿಡ ಕಂಡವನಲ್ಲ. ನಾಲ್ಕು ಹಸಿ ಬೀಜಗಳನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿ ಕೇಳಿದ.

"ಇದಕ್ಕ ತೆನಿ ಬರ್ತದೇನ್ರಿ ಅಮ್ಮಾ?"

"ಇಲ್ಲಂತ. ಗಿಡದಾಗ ಹಣ್ಣು ಆಗ್ತದಂತ, ಹಣ್ಣಿನ್ಯಾಗಿನ ಬೀಜ ಅಂತ ಇದು."

"ಹಂಗಾದ್ರ ಫಳ ಆಯ್ತು. ಉಪಾಸಕ್ಕ ನಡೀತದ. ತೆನಿ ಬಂದದ್ದು ಮಾತ್ರ ಬ್ಯಾಡ."

ನಾನು ಪಕ್ಕದಲ್ಲೇ ನಿಂತು ಇದನ್ನು ಕೇಳಿದ್ದೆ. ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ.

ಅಂದಿನಿಂದ ಸೋಮವಾರ ಎರಡು ಹೊತ್ತು ಕಾಕು ಫಿಲ್ಟರ್ ಕಾಫಿ ಮಾಡಿ ಆಯಿಯ ಕೈಗೆ ಕೊಡುತ್ತಿದ್ದಳು. "ಉಪಾಸದವ್ರು ಒಲಿ ಮುಂದ ಯಾಕ ಕೂಡ್ತೀರಿ" ಎಂದು ಆಯಿಯನ್ನು ಅಡುಗೆಮನೆಗೆ ಬಿಡುತ್ತಿರಲಿಲ್ಲ. ಗಿರಣಿಯ ವಿಷಯದಲ್ಲಂತೂ ಅವಳಿಗೆ ಇನ್ನಿಲ್ಲದ ಕಾಳಜಿ. ಶನಿವಾರ ನನ್ನ ಜೋಳ ಬೀಸಿದ ಮೇಲೆ ಗಿರಣಿಯನ್ನು ಪೂರ್ತಿ ಬಿಚ್ಚುತ್ತಿದ್ದಳು. ಒಂದೊಂದು ಭಾಗವನ್ನೂ ಒಣ ಅರಿವೆಯಿಂದ ಒರೆಸಿ, ಹಲ್ಲುಗಳ ಸಂದಿಯನ್ನು ಕಡ್ಡಿಯಿಂದ ಕೆದಕಿ, ಮತ್ತೊಂದು ಅರಿವೆ ತಗೊಂಡು ಇನ್ನೊಮ್ಮೆ ಒರೆಸುತ್ತಿದ್ದಳು. ಬಿಚ್ಚಿದ ತಿರುಪುಗಳನ್ನು ಹಿಡಿದುಕೊಂಡು ಕೂರುತ್ತಿದ್ದವಳು ನಾನೇ.

ಕಳ್ಳತನ ಶುರುವಾದದ್ದು ಐದನೆಯದೋ ಆರನೆಯದೋ ಸೋಮವಾರದ ಆಸುಪಾಸಿನಲ್ಲಿ. ಮಧ್ಯಾಹ್ನ ಇಬ್ಬರೂ ಅಡ್ಡಾದಾಗ ಡಬ್ಬಿ ತೆಗೆದು, ಒಂದು ಚಮಚ ಕಾಫಿಪುಡಿಗೆ ಒಂದು ಚಮಚ ಸಕ್ಕರೆ ಕಲಸಿ, ಅಂಗೈಯಲ್ಲಿ ಹಾಕಿಕೊಂಡು ನೆಕ್ಕಿದೆ. ಕಹಿ, ಸಿಹಿ, ಹೊಗೆ, ಎಲ್ಲ ಒಟ್ಟಿಗೆ. ಕಣ್ಣು ತಾವಾಗಿ ಮುಚ್ಚಿಕೊಂಡವು. ಮರುದಿನ ಮತ್ತೆ ಹೋದೆ. ಆ ವಾರ ಶುಕ್ರವಾರವೇ ಪುಡಿ ಮುಗಿದು, "ಈ ಸಲ ಲಗೂ ತೀರಿತಲ್ಲ" ಎಂದು ಕಾಕು ಡಬ್ಬಿಯ ತಳ ತಟ್ಟಿದಾಗ ನಾನು ಮೆಲ್ಲಗೆ ಹೊರಗೆ ಜಾರಿಕೊಂಡೆ. ಹೆದರಿದ ಕಳ್ಳಿ ಕದಿಯುವುದನ್ನು ಬಿಡಬೇಕಿತ್ತು. ನಾನು ಬಿಡಲಿಲ್ಲ, ಜಾಣಳಾದೆ. ಒಂದು ಚಮಚ ತೆಗೆದರೆ ನನ್ನ ಜೋಳದ ಪುಡಿ ಒಂದು ಚಮಚ ಹಾಕಿ ಡಬ್ಬಿ ಅಲುಗಾಡಿಸಿಡುವುದು. ಯಾರ ಕಣ್ಣಿಗೂ ಕಾಣಲಿಲ್ಲ.

ಫಿಲ್ಟರಿಗೆ ಮಾತ್ರ ಗೊತ್ತಾಯಿತು. ಹನಿ ಬೀಳುವುದು ತಡವಾಗತೊಡಗಿತು. ಕಾಕು ಫಿಲ್ಟರಿನ ನೆತ್ತಿ ತಟ್ಟಿ, "ಬೀಜ ಹಳೇವು ಕೊಟ್ಟಾನ ನೋಡು ಅಂಗಡ್ಯಾಂವ" ಎಂದು ಗೊಣಗುತ್ತಿದ್ದಳು. ಪಾಪ, ಕಾಕಾ ಹೋಗಿ ಅಂಗಡಿಯವನೊಂದಿಗೆ ಜಗಳವಾಡಿ ಬಂದರು.

ಜೋಳಕ್ಕೆ ತೆನೆ ಬರುತ್ತದೆ, ಆ ಕಾಫಿಯನ್ನು ಆಯಿ ಕುಡಿಯುತ್ತಾಳೆ, ಈ ಎರಡನ್ನೂ ನನ್ನ ಎಳೆಯ ತಲೆ ಕೂಡಿಸಲಿಲ್ಲ ಎಂದು ಬರೆದುಬಿಡಬಹುದು. ಓದುವವರು ನಂಬುತ್ತೀರಿ. ಆದರೆ ಅದು ಖರೆ ಅಲ್ಲ. ಒಂದು ಸೋಮವಾರ ಆಯಿ ಕಪ್ಪನ್ನು ಕಣ್ಣಿಗೊತ್ತಿಕೊಂಡು ಕುಡಿಯುವಾಗ ನನಗೆ ಅದು ಹೊಳೆಯಿತು. ಇಷ್ಟೇ ಇಷ್ಟಕ್ಕೆ ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಆಟಕ್ಕೆ ಓಡಿದೆ.

ಹದಿನಾಲ್ಕನೆಯ ಸೋಮವಾರದ ಹೊತ್ತಿಗೆ ಮನೆಯಲ್ಲಿ ಏನೋ ಬದಲಾಯಿತು. ತಿಂಗಳಿಗೊಮ್ಮೆ ಕಾಕು ಹೊರಗಾಗಿ ಮೂರು ದಿನ ಪಡಸಾಲೆಯ ಮೂಲೆಯಲ್ಲಿ ಕೂರುತ್ತಿದ್ದಳು, ಆಗ ಅವಳು ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಆ ತಿಂಗಳು ಕೂರುವ ದಿನ ಬಂದರೂ ಅವಳು ಕೂರಲಿಲ್ಲ. ನನಗೆ ಯಾರೂ ಏನೂ ಹೇಳಲಿಲ್ಲ. ಆದರೆ ಆಯಿ ಅವಳಿಗೆ ತುಂಬಿದ ಕೊಡ ಎತ್ತಲು ಬಿಡಲಿಲ್ಲ, ರೊಟ್ಟಿ ತಾನೇ ಬಡಿದಳು. "ಕಾಫಿ ಉಷ್ಣ. ಸ್ವಲ್ಪ ದಿನ ಬಿಟ್ಟುಬಿಡು" ಎಂದಳು. ಕಾಕು ಮರುಮಾತಾಡದೆ ಬಿಟ್ಟಳು. ಎಷ್ಟು ಖುಷಿಯಿಂದ ಬಿಟ್ಟಳೆಂದರೆ, ಬಾವಿಕಟ್ಟೆಯ ಹತ್ತಿರ ಒಬ್ಬಳೇ ಇದ್ದಾಗ ಹಾಡು ಗುನುಗುತ್ತಿದ್ದಳು. ಇತ್ತ ಡಬ್ಬಿಯನ್ನು ಮುಟ್ಟುವವರು ಇಲ್ಲವೆಂದು ನನಗೆ ಹಬ್ಬ. ಆ ವಾರ ನಾನು ತಿಂದದ್ದಕ್ಕೆ ಲೆಕ್ಕವಿಲ್ಲ. ತಿಂದಷ್ಟನ್ನೂ ಜೋಳದಿಂದ ತುಂಬಿದೆ. ರವಿವಾರ ಬೀಸಿದ ಹೊಸ ಪುಡಿಯೂ ಅದರ ಮೇಲೆಯೇ ಬಿತ್ತು.

ಕೂರುವ ದಿನ ದಾಟಿ ಹತ್ತು ದಿನ ಕಳೆದಿದ್ದವು. ಹದಿನೈದನೆಯ ಸೋಮವಾರ ಬೆಳಿಗ್ಗೆ ನಾನು ಎದ್ದು ಬಂದಾಗ ಕಾಕು ಪಡಸಾಲೆಯ ಮೂಲೆಯಲ್ಲಿ ಗೋಣಿತಾಟಿನ ಮೇಲೆ, ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಆಯಿ ಅವಳನ್ನು ನೋಡಿದಳು. ತಾನೇ ನೀರು ಸೇದಿ, ಸ್ನಾನ ಮಾಡಿ, ಮಹಾದೇವನ ಪೂಜೆ ಮುಗಿಸಿ, ಕಾಫಿಗೆಂದು ಒಲೆ ಹಚ್ಚಿದಳು.

ಫಿಲ್ಟರು ಹಿಡಿಯುವುದು ಅವಳಿಗೆ ಬರುತ್ತಿರಲಿಲ್ಲ. ತನ್ನ ಪದ್ಧತಿಯಂತೆ ಬೆಲ್ಲದ ನೀರು ಕುದಿಸಿ ಪುಡಿ ಹಾಕಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಎರಡು ಕುದಿ ಬರುವಷ್ಟರಲ್ಲಿ ಪಾತ್ರೆಯೊಳಗಿನ ಸದ್ದು ಬದಲಾಯಿತು. ನೀರಿನ ಸದ್ದು ಹೋಗಿ ಗಂಜಿಯ ಸದ್ದು ಬಂತು. ಆಯಿಯ ಲಕ್ಷ್ಯ ಅತ್ತ ಇರಲಿಲ್ಲ, ಅವಳು ಸೊಸೆಯ ಬಗ್ಗೆ ಯೋಚಿಸುತ್ತಿದ್ದಿರಬೇಕು. ಅರಿವೆಯಲ್ಲಿ ಹಿಂಡಿ, ಬಸಿಗೆ ಸುರುವಿ, ಒಂದು ಗುಟುಕು ಕುಡಿದಳು. ಕುಡಿದವಳು ಹಾಗೆಯೇ ನಿಂತಳು. ಬಸಿಯನ್ನು ಓರೆ ಮಾಡಿ ನೋಡಿದಳು. ಅಂಬಲಿಯಂತೆ ಮೆಲ್ಲಗೆ ಇಳಿಯಿತು ಅದು. ಹುಟ್ಟಿದಾಗಿನಿಂದ ಜೋಳ ಬಿತ್ತಿ, ಬೆಳೆದು, ಉಂಡ ಹೆಂಗಸಿಗೆ ಜೋಳದ ರುಚಿ ಹೇಳಿಕೊಡಬೇಕೇ?

ಬಸಿ ಹಿಡಿದುಕೊಂಡೇ ಪಡಸಾಲೆಗೆ ಬಂದಳು.

"ನೀಲಾ, ಕಾಫಿ ಪುಡ್ಯಾಗ ಜ್ವಾಳ ಅದ."

ಕಾಕು ತಿರುಗಿದಳು. ಅತ್ತು ಅತ್ತು ಕಣ್ಣು ಬಾತಿದ್ದವು.

"ಜ್ವಾಳ? ಹ್ಯಾಂಗ ಬರ್ತದ್ರಿ ಅತ್ತಿ? ನಾ ಗಿರಣಿ ಒರಸೇನಿ. ಎರಡು ಸಲ ಒರಸೇನಿ."

"ಒರಸಿದ್ರ ಇದು ಎಲ್ಲಿಂದ ಬಂತು?"

"ಒರಸೇನ್ರಿ..." ಕಾಕು ತಡವರಿಸಿದಳು. "ಒರಸೇನಿ ಅಂತ ಅನಸ್ತದ. ಈ ವಾರ ನನ್ನ ಚಿತ್ತ ಜಾಗಾದಾಗ ಇರಲಿಲ್ಲ... ಕಮಳಿ ಇದ್ದಳಲ್ಲ, ಅಕೀನ ಕೇಳ್ರಿ."

ಆಯಿ ನನ್ನ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಹೆದರಿ ಅತ್ತು ಎಲ್ಲ ಒಪ್ಪಿಕೊಳ್ಳುತ್ತಿದ್ದೆನೋ ಏನೋ.

"ಕಮಳಿ, ಶನಿವಾರ ಕಾಕು ಗಿರಣಿ ಒರಸಿದ್ದು ನೀ ನೋಡೀಯೇನು?"

ನೋಡಿದ್ದೆ. ತಿರುಪುಗಳು ನನ್ನ ಕೈಯಲ್ಲೇ ಇದ್ದವು. ಕಾಕು ಎರಡನೆಯ ಅರಿವೆ ಹುಡುಕುತ್ತಿದ್ದಾಗ ನನ್ನ ಲಂಗದ ಹತ್ತಿರ ಬಿದ್ದಿದ್ದದ್ದನ್ನು ನಾನೇ ಎತ್ತಿ ಕೊಟ್ಟಿದ್ದೆ. ಕಾಕು ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ನನ್ನ ಮೇಲೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಈ ಹುಡುಗಿ ಈಗ ನನ್ನನ್ನು ಉಳಿಸುತ್ತಾಳೆ ಎಂಬ ಭರವಸೆ ಇತ್ತು.

"ನಾ ನೋಡಿಲ್ಲ ಆಯಿ" ಎಂದೆ.

ಕಾಕು ನನ್ನ ಮೇಲಿನ ಕಣ್ಣು ತೆಗೆದು ತನ್ನ ಕೈಗಳನ್ನು ನೋಡಿಕೊಂಡಳು. "ಹಂಗಾದ್ರ ಮರತೀನಿ" ಎಂದಳು ಮೆಲ್ಲಗೆ. "ನಾನೇ ಮರತೀನ್ರಿ ಅತ್ತಿ."

ಆಯಿ ಬೈಯಲಿಲ್ಲ. ಬಸಿಯಲ್ಲಿದ್ದದ್ದನ್ನು ಬಚ್ಚಲಿಗೆ ಚೆಲ್ಲಿ ಬಂದು, "ಹೋಗ್ಲಿ ಬಿಡು, ಅಳಬ್ಯಾಡ. ಮುಂದಿನ ಸ್ವಾಮಾರದಿಂದ ಮತ್ತ ಹಿಡೀತೀನಿ" ಎಂದಳು. ಆದರೆ ದೇವರ ಮನೆಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಕಾಳು ಬಾಯಿಗೆ ಹೋದದ್ದಕ್ಕೂ ಸೊಸೆ ಮೂಲೆಯಲ್ಲಿ ಕೂತದ್ದಕ್ಕೂ ಆಕೆ ಗಂಟು ಹಾಕಿದ್ದಳು. ಕಾಕುವೂ ಹಾಕಿದ್ದಳು. ನಾನೂ ಹಾಕಿದ್ದೆ.

ಎರಡನೆಯ ಸುತ್ತಿನಲ್ಲಿ ಆಯಿ ಕಾಫಿ ಮುಟ್ಟಲಿಲ್ಲ. ಬರಿಯ ನೀರಿನ ಮೇಲೆ ಸೋಮವಾರ ಕಳೆಯತೊಡಗಿದಳು. ಅತ್ತೆ ನೀರು ಕುಡಿದುಕೊಂಡಿರುವಾಗ ನನಗೆ ಹೇಗೆ ಇಳಿಯುತ್ತದೆ ಎಂದು ಕಾಕುವೂ ಕಾಫಿ ನಿಲ್ಲಿಸಿದಳು. ಸೋಮವಾರವಷ್ಟೇ ಅಲ್ಲ, ಏಳೂ ದಿನ. ಕಾಕಾ ಎರಡು ಮೂರು ವಾರ ಬೀಜ ತಂದರು, ಆಮೇಲೆ ತರುವುದನ್ನು ಬಿಟ್ಟರು. ನನ್ನ ಜೋಳದ ಕಾಫಿಯನ್ನೂ ನಾನು ಬಚ್ಚಲಿಗೆ ಚೆಲ್ಲತೊಡಗಿದೆ. ಹೇಳಬೇಕು, ಇವತ್ತು ಹೇಳಬೇಕು ಎಂದು ದಿನಾ ಸಾಲೆಯಿಂದ ಬರುವಾಗ ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದೆ. ಬಾಗಿಲಿಗೆ ಬಂದ ಕೂಡಲೇ ಎಲ್ಲ ಚದುರಿ ಹೋಗುತ್ತಿತ್ತು. ಆ ಸುತ್ತಿನ ಒಂಬತ್ತನೆಯ ಸೋಮವಾರ ಆಯಿ ಅಂಗಳದಲ್ಲಿ ತಲೆ ತಿರುಗಿ ಬಿದ್ದಳು. ಇನ್ನು ಮೇಲೆ ಉಪವಾಸ ಮಾಡಿದರೆ ಜೀವಕ್ಕೆ ಅಪಾಯ ಎಂದು ಡಾಕ್ಟರು ಹೇಳಿದರು. "ಮಹಾದೇವಗ ಬ್ಯಾಡಾಗ್ಯದ" ಎಂದು ಆಯಿ ಕಣ್ಣು ಮುಚ್ಚಿಕೊಂಡಳು. ವ್ರತ ಅಲ್ಲಿಗೆ ನಿಂತಿತು. ಎರಡು ವರ್ಷಕ್ಕೆ ಆಯಿ ಹೋದಳು. ಕಾಕಾ ಸೋಲಾಪುರದಲ್ಲಿ ಖೋಲಿ ಹಿಡಿದು ಕಾಕುವನ್ನು ಕರೆದೊಯ್ದರು. ಅವರಿಗೆ ಮಕ್ಕಳಾಗಲಿಲ್ಲ.

ಒಂದು ಚಮಚ ಜೋಳದ ಪುಡಿಗೂ ಮಗುವಿಗೂ ಸಂಬಂಧವಿಲ್ಲ ಎಂದು ನನಗೆ ಗೊತ್ತಿಲ್ಲವೇ? ನಾಲ್ಕಕ್ಷರ ಓದಿದ್ದೇನೆ. ಈ ಮಾತನ್ನು ನನಗೆ ನಾನೇ ನೂರು ಸಲ ಹೇಳಿಕೊಂಡಿದ್ದೇನೆ. ಆದರೆ ಕಾಕುವಿಗೆ ಅದನ್ನು ಯಾರು ಹೇಳಬೇಕು? ಮಕ್ಕಳ ಮಾತು ಬಂದಾಗಲೆಲ್ಲ ಅವಳು, "ಅತ್ತಿ ಪಾಪ ಕೈಯಾಗ ತಂದು ಇಟ್ಟಿದ್ಲು. ನನ್ನ ಕೈಲೇ ನಾ ಕೆಡಿಸ್ಕೊಂಡೆ" ಎನ್ನುತ್ತಿದ್ದಳು. ನನ್ನ ಮದುವೆಯಲ್ಲಿ ತಲೆಗೆ ಎಣ್ಣೆ ಹಚ್ಚುತ್ತಾ, "ನಿನಗರ ಲಗೂ ಉಡಿ ತುಂಬಲಿ ತಂಗಿ. ನನ್ನಂಗ ಮರೆವಿನ ಹೆಂಗಸ ಆಗಬ್ಯಾಡ" ಎಂದಳು. ಎಣ್ಣೆ ಕಣ್ಣಿಗೆ ಹೋಯಿತೆಂದು ಸುಳ್ಳು ಹೇಳಿ ಅತ್ತುಬಿಟ್ಟೆ. ಆಗಲೂ ಹೇಳಲಿಲ್ಲ. ನನ್ನ ಮೊದಲ ಮಗು ಹುಟ್ಟಿದಾಗ ಬಾಣಂತನಕ್ಕೆ ಬಂದು ಎರಡು ತಿಂಗಳು ನನ್ನ ಕೂಸಿಗೆ ನೀರು ಎರೆದಳು. ಆಗಂತೂ ಬಾಯೇ ಬರಲಿಲ್ಲ.

ಕಡೆಗೆ ಹೇಳಿದ್ದು ಯಾವಾಗ ಗೊತ್ತೇ? ಅವಳಿಗೆ ಎಪ್ಪತ್ತು ದಾಟಿತ್ತು. ಕಾಕಾ ತೀರಿಕೊಂಡಿದ್ದರು. ಕಣ್ಣಿನ ಪೊರೆ ತೆಗೆಸಲು ವಿಜಾಪುರದ ನಮ್ಮ ಮನೆಗೆ ಕರೆತಂದಿದ್ದೆ. ಶಸ್ತ್ರಕ್ರಿಯೆಯಾದ ಮರುದಿನ ಮಧ್ಯಾಹ್ನ ಹಾಸಿಗೆಯಲ್ಲಿ ಕೂತಿದ್ದಳು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣು ಮೊದಲೇ ಮಂಜು. ನನ್ನ ಮುಖ ಅವಳಿಗೆ ಕಾಣುವುದಿಲ್ಲ ಎಂಬ ಧೈರ್ಯದ ಮೇಲೆ ಹೇಳಿದೆ. ನನ್ನ ಧೈರ್ಯ ಅಷ್ಟರದ್ದು. ಸಕ್ಕರೆ ಕಲಸಿ ನೆಕ್ಕಿದ್ದು, ಜೋಳ ತುಂಬಿದ್ದು, ನೋಡಿಲ್ಲ ಎಂದದ್ದು, ಒಂದೂ ಬಿಡದೆ ಹೇಳಿದೆ.

ಬೈಯಲಿ, ಹೊಡೆಯಲಿ ಎಂದು ಕಾದೆ.

"ಅಂದ್ರ ನಾ ಒರಸಿದ್ದೆ" ಎಂದಳು.

"ಹೌದು ಕಾಕು. ಎರಡು ಸಲ ಒರಸಿದ್ದಿ."

"ಮರತಿರಲಿಲ್ಲ."

"ಇಲ್ಲ ಕಾಕು. ನೀ ಮರತಿರಲಿಲ್ಲ."

ಅವಳು ತಡಕಾಡಿ ನನ್ನ ಕೈ ಹಿಡಿದುಕೊಂಡಳು. ಕ್ಷಮಿಸಿದಳು ಎಂದು ಒಂದು ಗಳಿಗೆ ನನ್ನ ಜೀವ ಹಗುರಾಯಿತು. ಆಕೆ ಹಿಡಿದದ್ದು ಅದಕ್ಕಾಗಿ ಅಲ್ಲ, ನಾನು ಎದ್ದು ಹೋಗದಿರಲಿ ಎಂದು.

"ನನಗ ಹೇಳಿ ಏನು ಆಗೂದದ ಈಗ? ಅತ್ತಿಗಿ ಹೇಳೂದಿತ್ತವಾ ಇದನ್ನ. ಸಾಯೂ ದಿವಸ ನನ್ನ ತಲಿ ಸವರಿ, 'ಹೋಗ್ಲಿ ಬಿಡು ನೀಲಾ, ನೀ ಬೇಕಂತ ಮಾಡಿಲ್ಲ' ಅಂದಳು. ನಾ ಮಾಡೇ ಇಲ್ಲ ಅಂತ ಅಕೀಗಿ ಗೊತ್ತಾಗಲೇ ಇಲ್ಲಲ್ಲ."

ಈಗ ಕಾಕುವೂ ಇಲ್ಲ. ನನಗೆ ಮಕ್ಕಳಿದ್ದಾರೆ, ಮೊಮ್ಮಕ್ಕಳಿದ್ದಾರೆ, ಮನೆಯಲ್ಲಿ ಬೇಕಾದಷ್ಟು ಕಾಫಿ ಇದೆ. ನಾನು ಒಂಬತ್ತನೆಯ ವಯಸ್ಸಿನಲ್ಲಿ ಆಡಿದ ಮೂರು ಶಬ್ದಗಳನ್ನು ಹಿಂದಕ್ಕೆ ತಗೊಳ್ಳಬೇಕಾದದ್ದು ಯಾರ ಎದುರಿಗೋ, ಆ ಆಯಿ ಮಾತ್ರ ಅದನ್ನು ಖರೆ ಎಂದೇ ನಂಬಿ ಹೋದಳು.